ಖಾಲಿ ಟ್ಯಾಂಕು, ಕೆಳಗಿಳಿಯದ ಮುಳ್ಳು: ಒಂದು ಹಳೇ ಅಂಬಾಸಿಡರ್ ಪೆಟ್ರೋಲ್ ಮೀಟರಿನ ಪ್ರಕರಣ

ಇದು ತುಮಕೂರಲ್ಲಿ ನನ್ನ ಶೆಡ್ಡಿಗೆ ಬಂದ ಒಂದು ಗಾಡಿ ವಿಷಯ. ಗಾಡಿ ಯಾರ್ದು, ನಂಬರ್ ಏನು, ನನ್ನ ಹತ್ರ ಬರೋಕೆ ಮುಂಚೆ ಯಾವ ಗ್ಯಾರೇಜಿಗೆ ಹೋಗಿತ್ತು, ಅದೆಲ್ಲ ಬಿಟ್ಟಿದೀನಿ. ಓನರ್ ಒಬ್ರು ರಿಟೈರ್ಡ್ ಮೇಷ್ಟ್ರು ಅಂತ ಇಟ್ಕೊಳ್ಳಿ, ಅವರನ್ನ ಕೇಳಿ ಒಪ್ಪಿಗೆ ತಗೊಂಡೇ ಬರೀತಿದೀನಿ. ನಾನು ಆಟೋ ಎಲೆಕ್ಟ್ರಿಶಿಯನ್, ವೈರಿಂಗು ಸೆಲ್ಫು ಡೈನಮೋ ನನ್ನ ಕೆಲಸ. ಹಳೇ ಗಾಡಿ ಇಟ್ಕೊಂಡಿರೋರು ಪೆಟ್ರೋಲ್ ಮೀಟರ್ ಸರಿಯಿಲ್ಲ ಅಂತ ಬಂದ್ರೆ ಹತ್ತರಲ್ಲಿ ಒಂಬತ್ತು ಜನ ಟ್ಯಾಂಕ್ ಯೂನಿಟ್ (ಟ್ಯಾಂಕ್ ಒಳಗೆ ಕೂತು ಪೆಟ್ರೋಲ್ ಎಷ್ಟಿದೆ ಅಂತ ಮೀಟರಿಗೆ ತಿಳಿಸೋ ಭಾಗ) ಹೋಗಿದೆ ಅಂತ ತಾವೇ ತೀರ್ಮಾನ ಮಾಡ್ಕೊಂಡು ಬಂದಿರ್ತಾರೆ, ನಾವು ಮೆಕ್ಯಾನಿಕ್ಕುಗಳೂ ಹೂಂ ಅಂದು ಅದನ್ನೇ ಬಿಚ್ತೀವಿ. ಈ ಗಾಡಿಲಿ ನಾನೂ ಅದನ್ನೇ ಮಾಡ್ದೆ, ಒಂದೂವರೆ ದಿನ ಹೋಯ್ತು.

ಗಾಡಿ 1984ರ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲು, 1489 ಸಿಸಿ ಇಂಜಿನ್. ಮೇಷ್ಟ್ರ ತಂದೆ ಹೊಸದಾಗಿ ತಗೊಂಡಿದ್ದು, ಅವತ್ತಿಂದ ಇವತ್ತಿನವರೆಗೂ ಒಂದೇ ಮನೇಲಿದೆ. ಮಗಳ ಮದುವೆ ಟೈಮಲ್ಲಿ ಪೂರ್ತಿ ಪೇಂಟ್ ಮಾಡ್ಸಿದ್ರು, ಸೀಟ್ ಹೊಲಿಸಿದ್ರು, ಡ್ಯಾಶ್ ಬೋರ್ಡ್ ಕೂಡ ಬಿಚ್ಚಿ ಪೇಂಟ್ ಹೊಡೆಸಿದ್ರು. ಈ ಡ್ಯಾಶ್ ಬೋರ್ಡ್ ವಿಷಯ ನೆನಪಿರಲಿ. ಇವರ ಗಾಡಿಲಿ ಟೆಂಪರೇಚರ್ ಮೀಟರೂ ಕರೆಂಟಿಂದ ಓಡೋದೇ, ಅದೂ ನೆನಪಿರಲಿ.

ಘಟನೆ ನಡೆದಿದ್ದು ಶಿರಾ ರೋಡಲ್ಲಿ. ಸಂಜೆ ಮೇಷ್ಟ್ರು, ಅವರ ಮನೆಯೋರು, ಐದು ವರ್ಷದ ಮೊಮ್ಮಗಳು ಮೂರು ಜನ ಶಿರಾದಲ್ಲಿ ಮಗಳ ಮನೆಗೆ ಅಂತ ಹೊರಟಿದಾರೆ. ಮುಳ್ಳು ಇ (ಖಾಲಿ ಅನ್ನೋ) ಗೆರೆಗೂ ಕಾಲು ಟ್ಯಾಂಕ್ ಗೆರೆಗೂ ಮಧ್ಯ ನಿಂತಿತ್ತಂತೆ. ಅಂಬಾಸಿಡರ್ ಟ್ಯಾಂಕ್ 54 ಲೀಟರ್, ಹಂಗಾಗಿ ಇನ್ನೂ ಆರೇಳು ಲೀಟರ್ ಇದೆ, ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ರೂ ಶಿರಾ 50 ಕಿಲೋಮೀಟರ್ ಚಿಲ್ಲರೆ ತಾನೆ, ಹೋಗಿ ಅಲ್ಲೇ ಹಾಕಿಸ್ಕೊಂಡ್ರಾಯ್ತು ಅಂತ ಲೆಕ್ಕ. ಲೆಕ್ಕದ ಮೇಷ್ಟ್ರು ಅವರು, ಲೆಕ್ಕ ತಪ್ಪಿರ್ಲಿಲ್ಲ, ಲೆಕ್ಕಕ್ಕೆ ತಗೊಂಡ ಮುಳ್ಳು ತಪ್ಪಿತ್ತು. ಸೀಬಿ ನರಸಿಂಹಸ್ವಾಮಿ ದೇವಸ್ಥಾನ ದಾಟಿ ಸ್ವಲ್ಪ ದೂರ ಹೋಗ್ತಿದ್ದಂಗೆ ಗಾಡಿ ಎರಡು ಸಲ ಜಗ್ಗಿ ನಿಂತೋಯ್ತು. ಹೈವೇ, ಕತ್ತಲೆ, ಪಕ್ಕದಲ್ಲೇ ಲಾರಿಗಳು ನೂರರಲ್ಲಿ ಹೋಗ್ತಿವೆ. ಶಿರಾದಿಂದ ಅಳಿಯ ಕ್ಯಾನಲ್ಲಿ ಪೆಟ್ರೋಲ್ ತರೋವರೆಗೆ ಅಜ್ಜಿ ಮೊಮ್ಮಗಳು ರಸ್ತೆ ಬಿಟ್ಟು ಕೆಳಗೆ ಹೊಲದ ಬದುವಲ್ಲಿ ಕೂತಿದ್ರು. ಆಗಲೂ ಕೀ ಹಾಕಿ ನೋಡಿದ್ರೆ ಮುಳ್ಳು ಇ ಮುಟ್ಟಿರ್ಲಿಲ್ಲ ಅಂತಾರೆ ಮೇಷ್ಟ್ರು.

ಪೆಟ್ರೋಲ್ ಮೀಟರ್ ತಾನೆ, ಅಂದಾಜಿಗೆ ಓಡಿಸ್ಕೋಬಹುದು ಬಿಡಿ ಅಂತ ಬಹಳ ಜನ ಹೇಳ್ತಾರೆ. ನಾನು ಒಪ್ಪಲ್ಲ. ಮೀಟರ್ ಪೂರ್ತಿ ಸತ್ತಿದ್ರೆ ಓಡಿಸೋನು ಹುಷಾರಾಗಿರ್ತಾನೆ, ಕಿಲೋಮೀಟರ್ ಬರೆದಿಟ್ಕೋತಾನೆ. ಜಾಸ್ತಿ ತೋರಿಸೋ ಮೀಟರ್ ನಂಬಿಸಿ ರಸ್ತೆ ಮಧ್ಯ ಬಿಡುತ್ತೆ.

ನನ್ನ ಹತ್ರ ಬರೋ ಮುಂಚೆ ಏನೇನಾಗಿತ್ತು ಅಂದ್ರೆ, ಪೇಂಟ್ ಆದ ಮೇಲಿಂದ ಮೀಟರ್ ಜಾಸ್ತಿ ತೋರಿಸೋಕೆ ಶುರುವಾಗಿದೆ, ಫುಲ್ ಟ್ಯಾಂಕ್ ಮಾಡ್ಸಿದ್ರೆ ಮುಳ್ಳು ಎಫ್ (ಫುಲ್ ಅನ್ನೋ ಗೆರೆ) ದಾಟಿ ಆ ಕಡೆ ಗೋಡೆಗೆ ಒರಗಿ ನಿಲ್ತಿತ್ತಂತೆ. ಒಂದು ಗ್ಯಾರೇಜಲ್ಲಿ ತೋರಿಸಿದಾರೆ. ಅವರು ಟ್ಯಾಂಕ್ ಯೂನಿಟ್ ಬಿಚ್ಚಿ, ಪೆಟ್ರೋಲ್ ಮೇಲೆ ತೇಲೋ ಫ್ಲೋಟಿನ ಕಡ್ಡಿನ ಬಗ್ಗಿಸಿ, ಫುಲ್ ಟ್ಯಾಂಕಿಗೆ ಮುಳ್ಳು ಸರಿಯಾಗಿ ಎಫ್ ಮೇಲೆ ಬರೋ ಹಾಗೆ ಮಾಡಿ ಕಳಿಸಿದಾರೆ. ಫುಲ್ ಸರಿ ಬಂತಲ್ಲ, ಎಲ್ಲಾ ಸರಿಹೋಯ್ತು ಅಂತ ಮೇಷ್ಟ್ರೂ ಅಂದ್ಕೊಂಡ್ರು. ಇದರ ಜೊತೆಗೆ ಗಾಡಿ ಹೀಟ್ ತೋರಿಸ್ತಿದೆ ಅಂತ ಬೇರೆ ಕಡೆ ರೇಡಿಯೇಟರ್ ಕ್ಲೀನ್ ಮಾಡ್ಸಿ ಥರ್ಮೋಸ್ಟ್ಯಾಟ್ ಬದಲಾಯಿಸಿದಾರೆ, ಮುಳ್ಳು ಮಾತ್ರ ಹಂಗೇ ಮೇಲೇ ಇದೆ. ಈ ಹೀಟ್ ವಿಷಯ ನನ್ನ ಹತ್ರ ಬಂದಾಗ ಮೊದಲ ದಿನ ಹೇಳ್ಲೇ ಇಲ್ಲ, ಯಾಕಂದ್ರೆ ಅದು ಬೇರೆ ಕಂಪ್ಲೇಂಟ್ ಅಂತ ಅವರ ಲೆಕ್ಕ. ನಾನೂ ಕೇಳ್ಲಿಲ್ಲ.

ಶಿರಾ ರೋಡಲ್ಲಿ ನಿಂತ ಮಾರನೇ ವಾರ ಮೇಷ್ಟ್ರು ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಒಂದು ಹೊಸ ಟ್ಯಾಂಕ್ ಯೂನಿಟ್ ತಗೊಂಡೇ ಬಂದ್ರು. “ನೋಡಪ್ಪ, ಹೊಸದು ತಂದಿದೀನಿ, ಹಾಕ್ಬಿಡು, ಮುಗೀಲಿ ಇದು” ಅಂದ್ರು. ನಾನು ಅವತ್ತು ಮಾಡಿದ ಒಂದೇ ಒಳ್ಳೇ ಕೆಲಸ ಅಂದ್ರೆ ಆ ಹೊಸದನ್ನ ಹಾಕೋ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಿದ್ದು. ಫ್ಲೋಟ್ ಕೆಳಗಿದ್ದಾಗ 10 ಓಮ್ (ಓಮ್ ಅಂದ್ರೆ ಕರೆಂಟಿಗೆ ಎಷ್ಟು ತಡೆ ಇದೆ ಅನ್ನೋ ಅಳತೆ), ಮೇಲೆತ್ತಿದ್ರೆ 180 ಓಮ್. ಈ ಗಾಡಿ ಮೀಟರಿಗೆ ಬೇಕಾಗಿರೋದು ಇದರ ಉಲ್ಟಾ. ಈ ಥರದ ಇಂಗ್ಲಿಷ್ ಮಾದರಿ ಮೀಟರಿಗೆ ಖಾಲಿ ಟ್ಯಾಂಕಲ್ಲಿ 240 ಓಮ್ ಹತ್ರ, ಅರ್ಧಕ್ಕೆ 68, ಫುಲ್ಲಿಗೆ 20 ಚಿಲ್ಲರೆ ಸಿಗಬೇಕು. ಆ ಹೊಸದು ಹಾಕಿದ್ರೆ ಫುಲ್ ಟ್ಯಾಂಕಿಗೆ ಖಾಲಿ ಅಂತಲೂ ಖಾಲಿ ಟ್ಯಾಂಕಿಗೆ ಫುಲ್ ಅಂತಲೂ ತೋರಿಸ್ತಿತ್ತು. ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರ ಫ್ಯಾಕ್ಟರಿಯಿಂದ 2014ರವರೆಗೂ ಬಂತು, ಅಷ್ಟು ವರ್ಷದಲ್ಲಿ ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಅಂತ ಎಷ್ಟೋ ಬದಲಾದ್ವು, ಅಂಗಡಿಯಲ್ಲಿ ಎಲ್ಲದಕ್ಕೂ ಅಂಬಾಸಿಡರ್ ಸ್ಪೇರು ಅಂತ ಒಂದೇ ಹೆಸರು, ಅದರ ಜೊತೆ ಯಾವ ಗಾಡಿಗಾದ್ರೂ ಆಗುತ್ತೆ ಅನ್ನೋ ಮಾಲೂ ಸೇರ್ಕೊಂಡಿದೆ. ಸ್ಕ್ರೂ ತೂತು ಕೂತ್ಕೊಂಡ್ತು ಅಂದ್ರೆ ಓಮ್ ಕೂತ್ಕೊಂಡ್ತು ಅಂತ ಅಲ್ಲ.

ಅಲ್ಲಿಗೆ ಹಳೇ ಯೂನಿಟ್ಟೇ ಸರಿ ಮಾಡೋಣ ಅಂತ ಟ್ಯಾಂಕ್ ಇಳಿಸಿದೆ. ಇದೇ ನನ್ನ ತಪ್ಪು ನಿರ್ಧಾರ, ಮೊದಲು ಮುಂದೆ ಡ್ಯಾಶ್ ಹಿಂದೆ ನೋಡ್ಬೇಕಿತ್ತು, ಹಿಂದೆ ಟ್ಯಾಂಕಿಗೆ ಹೋದೆ. ಟ್ಯಾಂಕಲ್ಲಿ ಸಿಕ್ಕಿದ್ದು ತುಕ್ಕು, ಕೆಸರಿನಂತ ಕಂದು ಮಣ್ಣು, ಮತ್ತೆ ಹಳಸಿ ಗಟ್ಟಿಯಾಗಿರೋ ಗ್ಯಾಸ್ಕೆಟ್. ಈಗ ಬರ್ತಿರೋ ಇ20 ಪೆಟ್ರೋಲಲ್ಲಿ ಎಥನಾಲ್ ಇರೋದ್ರಿಂದ ನೀರು ಬೇಗ ಎಳ್ಕೊಳುತ್ತೆ, ಹಳೇ ರಬ್ಬರು ಕಾರ್ಕು ಅದಕ್ಕೆ ತಡೆಯಲ್ಲ, ತಿಂಗಳುಗಟ್ಟಲೆ ನಿಂತಿರೋ ಗಾಡಿಲಿ ಇದು ಜಾಸ್ತಿ ಕಾಣ್ತಿದೆ. ಟ್ಯಾಂಕ್ ತೊಳೆದು ಒಣಗಿಸಿ ಗ್ಯಾಸ್ಕೆಟ್ ಹೊಸದು ಹಾಕಿದ್ದು ವೇಸ್ಟ್ ಏನೂ ಅಲ್ಲ, ಆದ್ರೆ ಅದು ಈ ಕಾಯಿಲೆಗೆ ಔಷಧಿ ಆಗಿರ್ಲಿಲ್ಲ.

ಯೂನಿಟ್ ಒಳಗಡೆ ಸಣ್ಣ ವೈರ್ ಸುತ್ತಿರೋ ಒಂದು ಪಟ್ಟಿ, ಅದರ ಮೇಲೆ ಫ್ಲೋಟ್ ಕಡ್ಡಿ ಜೊತೆ ಓಡಾಡೋ ಒಂದು ತಗಡಿನ ಕಾಂಟ್ಯಾಕ್ಟ್ ಇರುತ್ತೆ. ಫ್ಲೋಟ್ ಅಲ್ಲಾಡಿಸಿ ನೋಡ್ದೆ, ಒಳಗೆ ಪೆಟ್ರೋಲ್ ಸೇರಿರ್ಲಿಲ್ಲ. ಪಟ್ಟಿ ಮೇಲೆ ಕಪ್ಪು ಹಿಡಿದಿತ್ತು, ಮಧ್ಯ ಒಂದು ಜಾಗದಲ್ಲಿ ಕಾಂಟ್ಯಾಕ್ಟ್ ಬಿಟ್ಟು ಬಿಟ್ಟು ಹಿಡೀತಿತ್ತು. ಇಂಥ ಸಣ್ಣ ಕೆಲಸಕ್ಕೆ ನನ್ನ ಕೈ ಸಾಲದು. ನಮ್ಮ ಬೀದೀಲೇ ಎಚ್ಎಂಟಿ ವಾಚ್ ಫ್ಯಾಕ್ಟರಿಲಿ ದುಡಿದ ಹಿರಿಯರೊಬ್ರಿದಾರೆ, ಫ್ಯಾಕ್ಟರಿ ಮುಚ್ಚೋ ತೀರ್ಮಾನ 2016ರಲ್ಲಿ ಬಂತು, ಆದ್ರೆ ಅವರ ಕಣ್ಣಿಗೆ ಹಾಕೋ ಲೆನ್ಸು ಚಿಮಟ ಎಲ್ಲಾ ಇನ್ನೂ ಡಬ್ಬೀಲಿದೆ. ಅವರ ಮುಂದೆ ಇಟ್ಟೆ. ಅರ್ಧ ಗಂಟೆ ಮಾತಾಡದೆ ಕೂತು ಆ ತಗಡಿಗೆ ಕೂದಲೆಳೆಯಷ್ಟು ಒತ್ತಡ ಕೊಟ್ಟು, ವೈರ್ ಸುತ್ತು ಒಂದಕ್ಕೊಂದು ಅಂಟದ ಹಾಗೆ ಬ್ರಷ್ಷಲ್ಲಿ ತೆಗೆದು ಕೊಟ್ರು. ಮೇಲಿಂದ ಕೆಳಗೆ ನಿಧಾನಕ್ಕೆ ಕಡ್ಡಿ ಆಡಿಸಿದ್ರೆ ಓಮ್ ಎಲ್ಲೂ ಹಾರದೆ 24ರಿಂದ 242ರವರೆಗೆ ನೀರು ಹರಿದಂಗೆ ಬಂತು. ಅಂದ್ರೆ ಯೂನಿಟ್ ಚೆನ್ನಾಗೇ ಇತ್ತು. ಎಲ್ಲಾ ವಾಪಸ್ ಜೋಡಿಸಿ ಕೀ ಹಾಕಿ ಇಂಜಿನ್ ಸ್ಟಾರ್ಟ್ ಮಾಡಿದ್ರೆ ಟ್ಯಾಂಕಲ್ಲಿ ಬರೀ ಐದು ಲೀಟರ್, ಮುಳ್ಳು ಅದೇ ಹಳೇ ಜಾಗದಲ್ಲಿ, ಇ ಗೂ ಕಾಲಿಗೂ ಮಧ್ಯ.

ಅವತ್ತು ಸಂಜೆ ಮೇಷ್ಟ್ರು ಬಂದ್ರು. ಸ್ಟೂಲ್ ಹಾಕಿ ಕೂರಿಸಿ ಟೀ ತರಿಸಿ ಕೇಳಿದೆ, “ಸಾರ್, ಮೀಟರ್ ತಪ್ಪು ತೋರಿಸುತ್ತೆ ಅನ್ನೋದು ಬಿಟ್ಟು, ಅದು ಯಾವಾಗ ಏನು ಮಾಡುತ್ತೆ ಅಂತ ಮೊದಲಿಂದ ಹೇಳಿ.” ಅವರು ಯೋಚನೆ ಮಾಡಿ ಒಂದು ಮಾತು ಹೇಳಿದ್ರು, ಅದೇ ಇಡೀ ಪ್ರಕರಣಕ್ಕೆ ತಿರುವು. “ನೋಡಪ್ಪ, ನನಗೆ ಒಂದು ಅರ್ಥವಾಗಿಲ್ಲ. ಬೆಳಿಗ್ಗೆ ಬರೀ ಕೀ ಹಾಕಿದಾಗ ಮುಳ್ಳು ಕೆಳಗಿರುತ್ತೆ. ಹೈವೇಲಿ ಓಡಿಸ್ತಾ ಹೋದಂಗೆ ಮೇಲೇರುತ್ತೆ. ಪೆಟ್ರೋಲ್ ಸುಡ್ತಾ ಇದ್ರೆ ಜಾಸ್ತಿ ಆಗೋದುಂಟೇನಪ್ಪ? ಹೀಟ್ ಮುಳ್ಳೂ ಅದರ ಜೊತೆಗೇ ಏರುತ್ತೆ.”

ಎರಡು ಮುಳ್ಳೂ ಒಟ್ಟಿಗೆ. ಟ್ಯಾಂಕಿಗೂ ರೇಡಿಯೇಟರಿಗೂ ಯಾವ ಸಂಬಂಧ? ಎರಡಕ್ಕೂ ಸಂಬಂಧ ಇರೋದು ಒಂದೇ, ಡ್ಯಾಶ್ ಹಿಂದೆ ಇರೋ ವೋಲ್ಟೇಜ್ ಸ್ಟೆಬಿಲೈಸರ್.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಈ ಥರ ಮೀಟರ್ ಒಳಗೆ ಎರಡು ಲೋಹ ಅಂಟಿಸಿದ ಒಂದು ಪಟ್ಟಿ, ಅದರ ಸುತ್ತ ಹೀಟರ್ ವೈರ್ ಇರುತ್ತೆ. ಕರೆಂಟ್ ಹರಿದ್ರೆ ಪಟ್ಟಿ ಕಾದು ಬಾಗುತ್ತೆ, ಮುಳ್ಳು ಏರುತ್ತೆ, ಅದಕ್ಕೇ ಈ ಮುಳ್ಳುಗಳು ಕೀ ಹಾಕಿದ ತಕ್ಷಣ ಹಾರದೆ ನಿಧಾನಕ್ಕೆ ಏಳೋದು. ಗಾಡಿ ಕರೆಂಟ್ ಒಂದೇ ಸಮ ಇರಲ್ಲ, ನಿಂತಾಗ 12 ವೋಲ್ಟ್ ಹತ್ರ, ಓಡೋವಾಗ 13.5, 14. ಅದು ನೇರ ಮೀಟರಿಗೆ ಹೋದ್ರೆ ರೇಸ್ ಕೊಟ್ಟಾಗೆಲ್ಲ ಪೆಟ್ರೋಲ್ ಜಾಸ್ತಿ ಕಾಣುತ್ತೆ. ಅದಕ್ಕೆ ಮಧ್ಯ ಒಂದು ಸಣ್ಣ ಡಬ್ಬಿ ಇಟ್ಟಿರ್ತಾರೆ, ಅದು ಕರೆಂಟನ್ನ ಕಡಿದು ಕಡಿದು ಬಿಟ್ಟು ಸರಾಸರಿ 10 ವೋಲ್ಟ್ ಮಾಡಿ ಕೊಡುತ್ತೆ. ಆ ಡಬ್ಬಿಗೆ ಬಾಡಿ ಅರ್ಥ್, ಅಂದ್ರೆ ಕರೆಂಟ್ ವಾಪಸ್ ಹೋಗೋಕೆ ಗಾಡಿ ಬಾಡಿ ಲೋಹದ ಜೊತೆ ಜೋಡಣೆ, ಬೇಕೇ ಬೇಕು. ಅರ್ಥ್ ಇಲ್ದಿದ್ರೆ ಅದರೊಳಗಿನ ಹೀಟರ್ ಕಾಯಲ್ಲ, ಕಾಂಟ್ಯಾಕ್ಟ್ ಬಿಡಲ್ಲ, ಪೂರ್ತಿ ಬ್ಯಾಟರಿ ವೋಲ್ಟೇಜ್ ಹಂಗೇ ಎರಡು ಮೀಟರಿಗೂ ಹೋಗುತ್ತೆ.

ಮೀಟರ್ ಸೆಟ್ ಹೊರಗೆಳೆದು ಸ್ಟೆಬಿಲೈಸರ್ ಔಟ್‌ಪುಟ್ಟಿಗೆ ಮಲ್ಟಿಮೀಟರ್ ಇಟ್ಟೆ. ಸರಿ ಇರೋದಾದ್ರೆ ನಂಬರ್ 12, ಸೊನ್ನೆ, 12, ಸೊನ್ನೆ ಅಂತ ಕುಣೀಬೇಕು, ಬಲ್ಬ್ ಇಟ್ರೆ ಮಿಣಮಿಣ ಅನ್ಬೇಕು. ಇಲ್ಲಿ 13.6 ಅಂತ ಕಲ್ಲಿನಂಗೆ ನಿಂತಿತ್ತು. ಡಬ್ಬಿ ಕೂತ್ಕೊಳ್ಳೋ ಸ್ಕ್ರೂ ಬಿಚ್ಚಿ ನೋಡಿದ್ರೆ ಕೆಳಗೆ ಮದುವೆಗೆ ಅಂತ ಹೊಡೆದ ಪೇಂಟು, ಚೆನ್ನಾಗಿ ದಪ್ಪಗೆ. ಡ್ಯಾಶ್ ಜೋಡಿಸಿದೋರು ಪೇಂಟ್ ಮೇಲೇ ಸ್ಕ್ರೂ ಬಿಗಿದಿದಾರೆ, ಅರ್ಥ್ ಅವತ್ತೇ ಹೋಗಿದೆ. ರೇಡಿಯೇಟರ್ ಕೆಲಸ, ಥರ್ಮೋಸ್ಟ್ಯಾಟು, ಬಗ್ಗಿಸಿದ ಕಡ್ಡಿ, ಜೆ.ಸಿ. ರೋಡಿಂದ ತಂದ ಯೂನಿಟ್ಟು, ನಾನು ಇಳಿಸಿದ ಟ್ಯಾಂಕು, ಶಿರಾ ರೋಡಲ್ಲಿ ಕಳೆದ ಆ ರಾತ್ರಿ, ಇದೆಲ್ಲದರ ಬುಡ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಪೇಂಟು.

ಪೇಂಟ್ ಕೆರೆದು ಬಿಗಿದ ಮೇಲೆ ಸ್ಟೆಬಿಲೈಸರ್ ಕುಣೀತು, ಆದ್ರೆ ಲಯ ಸರಿ ಇರ್ಲಿಲ್ಲ, ಒಂದೊಂದ್ಸಲ ಎರಡು ಸೆಕೆಂಡ್ ಅಂಟ್ಕೊಂಡು ಬಿಡ್ತಿತ್ತು, ಕಾಂಟ್ಯಾಕ್ಟ್ ಸವೆದಿದೆ. ಇಲ್ಲಿ ಮತ್ತೆ ಒಂದು ನಿರ್ಧಾರ. ಮೇಷ್ಟ್ರಿಗೆ ಗಾಡೀಲಿ ಹಳೇದು ಹಳೇದಾಗೇ ಇರಬೇಕು ಅನ್ನೋ ಆಸೆ. ನನಗೆ ಮೊಮ್ಮಗಳು ಕೂರೋ ಗಾಡೀಲಿ ಅರ್ಧಂಬರ್ಧ ಕೆಲಸ ಮಾಡೋ ಸಾಮಾನು ಬಿಡೋಕೆ ಮನಸ್ಸಿಲ್ಲ. ಕೊನೆಗೆ ಹಳೇ ಡಬ್ಬಿನೇ ಇಟ್ಕೊಂಡು ಒಳಗಿನ ಕಾಂಟ್ಯಾಕ್ಟ್ ತೆಗೆದು 7810 ಅನ್ನೋ ಮೂರು ಕಾಲಿನ ರೆಗ್ಯುಲೇಟರ್ ಐಸಿ ಕೂರಿಸಿದ್ವಿ, ಅದು ಸೀದಾ 10 ವೋಲ್ಟ್ ಕೊಡುತ್ತೆ, ಬೆಂಗಳೂರಿನ ಎಸ್.ಪಿ. ರೋಡಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತೆ. ಹೊರಗಿಂದ ನೋಡಿದ್ರೆ ಹಳೇದೇ. ಒಂದು ಎಚ್ಚರಿಕೆ, ಈ ಐಸಿ ನೆಗೆಟಿವ್ ಅರ್ಥ್ ಗಾಡಿಗೆ ಮಾತ್ರ. ಹಳೇ ಇಂಗ್ಲಿಷ್ ಗಾಡಿಗಳಲ್ಲಿ ಬ್ಯಾಟರಿ ಪಾಸಿಟಿವ್ ತುದಿನ ಗಾಡಿ ಬಾಡಿ ಜೊತೆ ಜೋಡಿಸಿರೋದೂ ಇದೆ, ಮೊದಲು ಅದನ್ನ ನೋಡಿ ಆಮೇಲೆ ಕೈ ಹಾಕಿ.

ಮೀಟರ್ ಒಂದನ್ನೇ ಪರೀಕ್ಷೆ ಮಾಡೋಕೆ ಟ್ಯಾಂಕ್ ವೈರನ್ನ ಬಾಡಿಗೆ ಮುಟ್ಟಿಸಿ ಮುಳ್ಳು ಎಫ್ ಹೋಗುತ್ತಾ ಅಂತ ನೋಡೋ ಅಭ್ಯಾಸ ನಮ್ಮಲ್ಲಿ ಎಲ್ರಿಗೂ ಇದೆ. ದಯವಿಟ್ಟು ಇಂಥ ಕಾಯೋ ಮೀಟರಿಗೆ ಹಂಗೆ ಮಾಡ್ಬೇಡಿ, ಸ್ಟೆಬಿಲೈಸರ್ ಕೆಟ್ಟಿದ್ರಂತೂ ಒಳಗಿನ ಹೀಟರ್ ವೈರ್ ಸುಟ್ಟೋಗುತ್ತೆ, ಆಮೇಲೆ ಆ ಮೀಟರ್ ಎಲ್ಲೂ ಸಿಗಲ್ಲ. ನಾನು 2 ವ್ಯಾಟಿನ ರೆಸಿಸ್ಟರ್ ಇಟ್ಕೊಂಡಿದೀನಿ, 22 ಓಮ್, 68 ಓಮ್, 220ಕ್ಕೆ 22 ಸೇರಿಸಿದ್ದೊಂದು. ಟ್ಯಾಂಕ್ ವೈರ್ ಬಿಚ್ಚಿ ಆ ಜಾಗಕ್ಕೆ ಒಂದೊಂದೇ ಹಾಕಿ ಎರಡು ನಿಮಿಷ ಕಾದು ನೋಡಿದೆ, ಮುಳ್ಳು ಎಫ್, ಅರ್ಧ, ಇ ಮೇಲೆ ಸರಿಯಾಗಿ ಬಂತು. ಮೀಟರ್ ಚಿನ್ನದಂಗಿತ್ತು.

ಖುಷಿಯಾಗಿ ಮೇಷ್ಟ್ರಿಗೆ ಫೋನ್ ಮಾಡಿ ಫುಲ್ ಟ್ಯಾಂಕ್ ಮಾಡ್ಸಿ ಅಂದೆ. ಬಂಕಿಂದಲೇ ವಾಪಸ್ ಫೋನ್. “ಏನಪ್ಪ ಇದು, ಮೊದಲೇ ವಾಸಿ ಇತ್ತಲ್ಲ, ಫುಲ್ ಮಾಡ್ಸಿದ್ರೂ ಮುಕ್ಕಾಲು ಕೂಡ ತೋರಿಸ್ತಿಲ್ಲ!” ಅವರ ದನೀಲಿ ಬೇಜಾರಿತ್ತು. ಗಾಡಿ ವಾಪಸ್ ಬಂತು, ವೈರ್ ಬಿಚ್ಚಿ ಅಳೆದ್ರೆ ಫುಲ್ ಟ್ಯಾಂಕಿಗೆ 50 ಓಮ್. ಆ ಬಗ್ಗಿಸಿದ ಕಡ್ಡಿ! ಯೂನಿಟ್ ಕೈಯಲ್ಲಿ ಹಿಡಿದು ಆಡಿಸಿದಾಗ 24ರಿಂದ 242ರವರೆಗೆ ಬಂತು ಸರಿ, ಆದ್ರೆ ಟ್ಯಾಂಕ್ ಒಳಗೆ ಕಡ್ಡಿ ಬಾಗಿರೋದ್ರಿಂದ ಫ್ಲೋಟ್ ಮೇಲೆ ತಲುಪಿದ್ರೂ ಕಾಂಟ್ಯಾಕ್ಟ್ ತುದಿ ಮುಟ್ತಿರ್ಲಿಲ್ಲ. ಆ ಕಡೆ ಕೆಳಗೆ ಇನ್ನೂ ಹತ್ತು ಲೀಟರ್ ಮೇಲೆ ಇರೋವಾಗಲೇ ಕಾಂಟ್ಯಾಕ್ಟ್ ಕೊನೆ ಸುತ್ತಿಗೆ ಬಂದು ನಿಂತ್ಬಿಡ್ತಿತ್ತು. ಅಲ್ಲಿಂದಾಚೆ ಹತ್ತು ಲೀಟರಿದ್ರೂ ಒಂದೇ, ತೊಟ್ಟು ಇಲ್ದಿದ್ರೂ ಒಂದೇ, ಮುಳ್ಳು ಅಲ್ಲಾಡಲ್ಲ, ಅದೂ ಜಾಸ್ತಿ ವೋಲ್ಟೇಜಿಂದ ಇ ಗಿಂತ ಮೇಲೇ ನಿಂತಿರುತ್ತೆ. ಸೀಬಿ ಹತ್ರ ನಡೆದಿದ್ದು ಇದೇ. ಪೇಂಟಿಂದ ಬಂದಿದ್ದು ಬರೀ ಜಾಸ್ತಿ ತೋರಿಸೋ ತಪ್ಪು, ಟ್ಯಾಂಕ್ ಖಾಲಿಯಾಗೋವರೆಗೆ ಮುಳ್ಳು ಇಳೀತಾದ್ರೂ ಇರ್ತಿತ್ತು. ಕಡ್ಡಿ ಬಗ್ಗಿಸಿದ ಮೇಲೆ ಅದು ಇಳಿಯೋದನ್ನೂ ನಿಲ್ಲಿಸ್ತು. ವೋಲ್ಟೇಜಿನ ತಪ್ಪನ್ನ ಕಡ್ಡೀಲಿ ಸರಿ ಮಾಡೋಕೆ ಹೋದ್ರೆ ಒಂದು ತುದಿ ಸರಿ ಕಾಣುತ್ತೆ, ಇನ್ನೊಂದು ತುದಿ ಕೊಲ್ಲುತ್ತೆ.

ಈ ಸಲ ಅಂದಾಜು ಬೇಡ ಅಂತ ಲೀಟರ್ ಲೆಕ್ಕದಲ್ಲೇ ಕೂತ್ವಿ. ಪ್ರತಿ ಬಂಕಲ್ಲೂ ಸೀಲ್ ಹಾಕಿರೋ 5 ಲೀಟರ್ ಅಳತೆ ಪಾತ್ರೆ ಇರುತ್ತೆ, ಗಿರಾಕಿ ಕೇಳಿದ್ರೆ ಅದರಲ್ಲಿ ಹಿಡಿದು ತೋರಿಸ್ಬೇಕು. ಅದರಿಂದ ನಮ್ಮ ಲೋಹದ ಕ್ಯಾನಿಗೆ ಗುರುತು ಹಾಕ್ಕೊಂಡೆ. ಕೆಲಸ ಶೆಡ್ ಒಳಗಲ್ಲ, ಹೊರಗೆ ಗಾಳಿಯಾಡೋ ಕಡೆ, ಬೆಳಿಗ್ಗೆ ಬಿಸಿಲೇರೋ ಮುಂಚೆ. ಪೆಟ್ರೋಲ್ ತೆಗೆಯೋವಾಗ ಹಾಕೋವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿಡೋದು, ಕ್ಯಾನು ನೆಲದ ಮೇಲೇ ಇರೋದು, ಪ್ಲಾಸ್ಟಿಕ್ ಬಕೆಟ್ ಹತ್ರಕ್ಕೂ ತರಬಾರದು, ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಬ್ಯಾಟರಿ ಕೊಟ್ಟು ಕೀ ಹಾಕೋದು. ನಿಧಾನ ಆಗುತ್ತೆ, ಆಗ್ಲಿ. ಪೆಟ್ರೋಲ್ ಆವಿಗೆ ಒಂದು ಸ್ಪಾರ್ಕ್ ಸಾಕು.

ಕಡ್ಡಿನ ಮೊದಲಿದ್ದ ಆಕಾರಕ್ಕೆ ತರೋಕೆ ಹಳೇ ಬಾಗಿನ ಗುರುತು ಲೋಹದ ಮೇಲೇ ಇತ್ತು. ಮೂರು ಸಲ ಹಾಕಿ ತೆಗೆದು ಮಾಡ್ಬೇಕಾಯ್ತು. ಮೇಷ್ಟ್ರು ಕುರ್ಚಿ ಹಾಕ್ಕೊಂಡು ಲಾಂಗ್ ನೋಟ್‌ಬುಕ್ಕಲ್ಲಿ ಗೆರೆ ಎಳೆದು ಲೀಟರ್ ಒಂದು ಕಡೆ, ಓಮ್ ಒಂದು ಕಡೆ, ಮುಳ್ಳು ಎಲ್ಲಿ ಅನ್ನೋದು ಒಂದು ಕಡೆ ಬರ್ಕೊಂಡ್ರು. ಖಾಲಿಗೆ 242, ಐದು ಲೀಟರಿಗೆ 228, ಹತ್ತಕ್ಕೆ 170, ಅರ್ಧ ಟ್ಯಾಂಕಿಗೆ 70, ಫುಲ್ಲಿಗೆ 26. ಇನ್ನೂ ಒಂಚೂರು ತಿದ್ದಿದ್ರೆ ಫುಲ್ ಕರೆಕ್ಟಾಗಿ ಎಫ್ ಗೆರೆ ಮೇಲೇ ಬರ್ತಿತ್ತು, ಈಗ ಮುಳ್ಳಿನ ದಪ್ಪದಷ್ಟು ಕೆಳಗೆ ನಿಲ್ಲುತ್ತೆ. ಅದನ್ನ ಬೇಕಂತಲೇ ಬಿಟ್ವಿ, ಯಾಕಂದ್ರೆ ಮೇಲಿನ ತುದೀಲಿ ಎರಡು ಲೀಟರ್ ತಪ್ಪಿದ್ರೆ ಯಾರಿಗೂ ಏನೂ ಆಗಲ್ಲ, ಕೆಳಗಿನ ತುದೀಲಿ ಇ ಗೆರೆ ಮುಟ್ಟಿದಾಗ ಟ್ಯಾಂಕಲ್ಲಿ ಐದು ಲೀಟರ್ ಉಳಿದಿರಬೇಕು ಅನ್ನೋದು ನಾವಿಬ್ರೂ ಮಾತಾಡ್ಕೊಂಡು ಇಟ್ಕೊಂಡ ಗುರಿ.

ಮೂರನೇ ದಿನ ರಾತ್ರಿ ಮತ್ತೆ ಫೋನ್ ಬಂತು, ಲೈಟ್ ಹಾಕಿದ್ರೆ ಐದು ನಿಮಿಷದಲ್ಲಿ ಮುಳ್ಳು ಸ್ವಲ್ಪ ಇಳಿಯುತ್ತೆ ಅಂತ. ಹಿಂದಿನ ಲೈಟಿಗೂ ಟ್ಯಾಂಕಿಗೂ ಹತ್ತಿರದಲ್ಲೇ ಬಾಡಿ ಅರ್ಥ್, ಅಲ್ಲಿ ತುಕ್ಕು ಹಿಡಿದು ಲೈಟಿನ ಕರೆಂಟ್ ಹರಿಯೋವಾಗ ವೋಲ್ಟೇಜ್ ಅಲ್ಲೇ ಸಿಕ್ಕಾಕೊಳ್ತಿತ್ತು. ಟ್ಯಾಂಕ್ ಯೂನಿಟ್ ಬಾಡಿಯಿಂದ ಷಾಸಿಗೆ ಬೇರೆ ಒಂದು ವೈರ್ ಎಳೆದು ರಿಂಗ್ ಟರ್ಮಿನಲ್ ಹಾಕಿ, ಕೆರೆದ ಜಾಗಕ್ಕೆ ಗ್ರೀಸ್ ಹಚ್ಚಿದೆ. ಕಡಿಮೆ ತೋರಿಸೋ ತಪ್ಪಾದ್ರಿಂದ ಇದು ಅಪಾಯದ್ದಲ್ಲ, ಆದ್ರೂ ಇಂಥ ಗಾಡೀಲಿ ಅರ್ಥ್ ಒಂದು ಕಡೆ ಹೋಗಿದೆ ಅಂದ್ರೆ ಇನ್ನೊಂದು ಕಡೆನೂ ಹೋಗಿರುತ್ತೆ ಅಂತ ಮೊದಲ ದಿನವೇ ನೋಡ್ಬೇಕಿತ್ತು. ಆ ಹೊಸ ಯೂನಿಟ್ ಅಂಗಡಿಯೋರು ವಾಪಸ್ ತಗೊಂಡ್ರು. ಥರ್ಮೋಸ್ಟ್ಯಾಟ್ ದುಡ್ಡು ಹೋಯ್ತು, ಗಾಡಿ ಯಾವತ್ತೂ ಹೀಟ್ ಆಗಿರ್ಲೇ ಇಲ್ಲ.

ಈಗ ನಾನು ಪೆಟ್ರೋಲ್ ಮೀಟರ್ ಅಂತ ಯಾರು ಬಂದ್ರೂ ಮೊದಲು ಕೇಳೋದು, ಹೀಟ್ ಮುಳ್ಳು ಹೆಂಗಿದೆ, ರೇಸ್ ಕೊಟ್ರೆ ಏರುತ್ತಾ, ಲೈಟ್ ಹಾಕಿದ್ರೆ ಇಳಿಯುತ್ತಾ, ಇದು ಶುರುವಾಗೋ ಮುಂಚೆ ಗಾಡಿಗೆ ಏನು ಕೆಲಸ ಮಾಡ್ಸಿದ್ರಿ. ಈ ನಾಲ್ಕು ಮಾತಿಗೆ ಉತ್ತರ ಸಿಗೋವರೆಗೂ ಟ್ಯಾಂಕ್ ಹತ್ರ ಹೋಗಲ್ಲ.

ಹೋದ ತಿಂಗಳು ಮೇಷ್ಟ್ರು ತಿಪಟೂರಿಗೆ ಹೋಗಿ ಬರ್ತಾ ಗುಬ್ಬಿ ದಾಟಿದ ಮೇಲೆ ಮುಳ್ಳು ಇ ಗೆರೆ ಮೇಲೆ ಕೂತಿತ್ತಂತೆ. ಬಿ.ಎಚ್. ರೋಡಲ್ಲೇ ಸಿಕ್ಕಿದ ಬಂಕಲ್ಲಿ ಫುಲ್ ಮಾಡ್ಸಿ, ಬಿಲ್ ಫೋಟೋ ತೆಗೆದು ನನಗೆ ಕಳಿಸಿದಾರೆ. 48.6 ಲೀಟರ್. ಕೆಳಗೆ “5.4 ಉಳಿದಿತ್ತು” ಅಂತ ಬರೆದಿದಾರೆ.